ಸಹಾಯ ಬೇಕು: ಸಿದ್ದಿ ಯುವಜನರ ಗ್ರಾಮಸಭೆ ತಾಲೀಮಿಗೆ
ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹುಡುಗ ಹುಡುಗಿಯರಿಗೆ ಗ್ರಾಮಸಭೆಯ ತಾಲೀಮು ನಡೆಸಲು ಕೊಂಕಣಿ ಬಲ್ಲ ಇಬ್ಬರು ಬೇಕು. ಭಾಷಣ ಬೇಡ, ಅದು ಬೇಕಾದಷ್ಟು ಆಗಿದೆ. ಬೇಡಿಕೆ ಬರೆದುಕೊಡುವುದು, ಸ್ವೀಕೃತಿಗೆ ಮೊಹರು ಹಾಕಿಸಿಕೊಳ್ಳುವುದು, ನಡಾವಳಿಯಲ್ಲಿ ದಾಖಲಾದ ಮೇಲೆಯೇ ಸಹಿ ಮಾಡುವುದು, ಇಷ್ಟು ಕೈಹಿಡಿದು ಕಲಿಸಬೇಕು. ಖಾಲಿ ಹಾಳೆಗೆ ಮೊದಲೇ ಸಹಿ ಹಾಕಿದರೆ ಕೇಳಿದ್ದಕ್ಕೆ ದಾಖಲೆಯೇ ಇರದು. ಅರಣ್ಯ ಹಕ್ಕಿನ ಸಭೆಗಾದರೆ ಅರ್ಧದಷ್ಟು ಸದಸ್ಯರ ಕೋರಂ (ಕನಿಷ್ಠ ಹಾಜರಿ) ಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು; ಎಣಿಸದೆ ಶುರುಮಾಡಿದರೆ ಆಮೇಲೆ ತಕರಾರು ಖಚಿತ.

17 ವರ್ಷ ತುಂಬಿದವರಿಂದ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ನಮೂನೆ 6, ಮುಂಗಡವಾಗಿ ಹಾಕಿಸಬೇಕು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಇರುವ ಅರ್ಜಿಗಳೇ ನಿಂತುಹೋಗುವುದು. ಅದನ್ನು ಮೊದಲೇ ತಿದ್ದಿಸಿಕೊಡಬಲ್ಲವರೂ ತಿಳಿಸಿ. ಭಾನುವಾರ ಮಾತ್ರ, ಬೇರೆ ದಿನ ಕೂಲಿ ತಪ್ಪುತ್ತದೆ.