ಸಹಾಯ ಬೇಕು: ಪ್ರೊಪಿಲೀನ್ ಗ್ಲೈಕಾಲ್ ಯಾರಿಗಾದರೂ ಆಗಿಬರುವುದಿಲ್ಲವೇ?

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿಯವಳು, ಊರು ಕುಂದಾಪುರದ ಕಡೆ.

ಎರಡು ವಾರದ ಹಿಂದೆ ಮೊಡವೆಗೆಂದು ಹೊಸ ಸೀರಮ್ ತಂದೆ. ಮೂರನೇ ದಿನಕ್ಕೇ ಕೆನ್ನೆ ಕೆಂಪಾಗಿ ಉರಿ ಶುರುವಾಯಿತು. ಮುಂಬೈ ಸೆಕೆ, ಲೋಕಲ್ ರೈಲಿನ ಬೆವರು ಎಂದುಕೊಂಡು ಸುಮ್ನೆ ಇದ್ದೆ. ಆಮೇಲೆ ನೆನಪಾಯಿತು, ಹೋದ ವರ್ಷ ಕೂದಲು ಉದುರುತ್ತದೆಂದು ಮಿನಾಕ್ಸಿಡಿಲ್ ಹಚ್ಚಿದಾಗಲೂ ತಲೆ ಹೀಗೇ ತುರಿಸಿತ್ತು. ಎರಡೂ ಬಾಟಲಿ ಹಿಡಿದು ನೋಡಿದರೆ ಎರಡರಲ್ಲೂ ಪ್ರೊಪಿಲೀನ್ ಗ್ಲೈಕಾಲ್! ಸೀರಮ್‌ನಲ್ಲಂತೂ ನೀರಿನ ನಂತರ ಅದೇ ಹೆಸರು. ಪಟ್ಟಿಯಲ್ಲಿ ಮುಂದಿದ್ದರೆ ಪ್ರಮಾಣವೂ ಜಾಸ್ತಿ ಅಲ್ವಾ?

ಅದರ ಕೆಲಸ ಗೊತ್ತು. ನೀರಿನಲ್ಲಿ ಸರಿಯಾಗಿ ಕರಗದ ಸ್ಯಾಲಿಸಿಲಿಕ್ ಆಸಿಡ್‌ನಂಥದ್ದನ್ನು ಕರಗಿಸುತ್ತದೆ, ತೇವ ಹಿಡಿದಿಡುತ್ತದೆ, ಹಚ್ಚಿದ್ದು ಚರ್ಮದೊಳಗೆ ಇಳಿಯಲು ನೆರವಾಗುತ್ತದೆ. ಹೆಚ್ಚಿನವರಿಗೆ ತೊಂದರೆ ಇಲ್ಲ. ಆದರೂ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ (ಚರ್ಮಕ್ಕೆ ತಾಗಿ ಆಗುವ ಅಲರ್ಜಿಯ ತಜ್ಞರ ಸಂಘ) 2018ರಲ್ಲಿ ಇದನ್ನೇ ವರ್ಷದ ಅಲರ್ಜನ್, ಅಂದರೆ ಅಲರ್ಜಿ ತರುವ ವಸ್ತು, ಎಂದು ಆರಿಸಿತ್ತು. (ನಮ್ಮತ್ತೆ ಇದನ್ನು ಕಾರಿನ ರೇಡಿಯೇಟರ್‌ಗೆ ಹಾಕುವ ವಿಷ ಎನ್ನುತ್ತಾರೆ. ಅವರು ಹೇಳುವುದು ಎಥಿಲೀನ್ ಗ್ಲೈಕಾಲ್, ಅದು ಬೇರೆ.)

ಈಗ ಸೀರಮ್ ನಿಲ್ಲಿಸಿ ಬರೀ ವ್ಯಾಸಲೀನ್ ಹಚ್ಚುತ್ತಿದ್ದೇನೆ. ಪ್ರೊಪಿಲೀನ್ ಗ್ಲೈಕಾಲ್ ಆಗದವರು ಅದರ ಬದಲು ಬ್ಯುಟಿಲೀನ್ ಗ್ಲೈಕಾಲ್ ಇರುವ ಕ್ರೀಮ್ ಬಳಸಿ ನೋಡಿದ್ದೀರಾ? ಠಾಣೆ, ಡೊಂಬಿವಲಿ ಕಡೆ ಪ್ಯಾಚ್ ಟೆಸ್ಟ್ (ಯಾವುದು ಅಲರ್ಜಿ ಎಂದು ತಿಳಿಯುವ ಪರೀಕ್ಷೆ) ಮಾಡುವ ಚರ್ಮದ ಡಾಕ್ಟರ್ ಯಾರಾದರೂ ಗೊತ್ತೇ? ಬೆನ್ನಿಗೆ ಪಟ್ಟಿ ಅಂಟಿಸಿಕೊಂಡು ಎರಡು ದಿನ ಸ್ನಾನವಿಲ್ಲದೆ ಇರಬೇಕಂತೆ. ಈ ಸೆಕೆಯಲ್ಲಿ ಹೇಗಪ್ಪಾ ಇದ್ದಿರಿ, ಅದನ್ನೂ ಹೇಳಿ.