ಪ್ರಮಾಣ ಮಾಡದ ಪಾದ್ರಿಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಬಳಗದವರಿಗೆ ನಮಸ್ಕಾರ. ಫ್ರೆಂಚ್ ಕ್ರಾಂತಿಯ ಲೇಖನವೊಂದರ ಅನುವಾದ ನಾಳೆ ಅಚ್ಚಿಗೆ ಹೋಗಬೇಕು. ಚರ್ಚನ್ನು ಸರ್ಕಾರದ ಅಧೀನಕ್ಕೆ ತಂದ 1790ರ ಕಾಯ್ದೆಗೆ ಪ್ರಮಾಣ ಮಾಡದೆ ಲಂಡನ್ ಸೇರಿದ ಪಾದ್ರಿ, ಬಿಷಪ್‌ಗಳಿಗೆ 'ದೇಶಭ್ರಷ್ಟ ರಾಜನಿಷ್ಠರು' ಎಂದು ಹಾಕಿದ್ದೇನೆ. ನಡೆದೀತೆ? ಚಿತ್ರದ ಅಡಿಬರಹಕ್ಕೂ ಅದೇ ಬೇಕು, ಜಾಗ ಕಡಿಮೆ.
- ವಿ. ಎಂ.

ನಡೆಯದು. ಆ ಪ್ರಮಾಣದ ಒಕ್ಕಣೆಯಲ್ಲೇ ರಾಷ್ಟ್ರ, ಕಾನೂನು, ರಾಜ ಮೂವರಿಗೂ ನಿಷ್ಠೆ ಇದೆ. ಅದರ ಆಜ್ಞೆಗೆ 1790ರ ಡಿಸೆಂಬರ್ 26ರಂದು ಅಂಕಿತ ಹಾಕಿದ್ದು ಹದಿನಾರನೇ ಲೂಯಿ ದೊರೆಯೇ. ಹಾಗಾದರೆ ಪ್ರಮಾಣ ಮಾಡಿದವನೂ ರಾಜನಿಷ್ಠನೇ! ತಕರಾರು ಇದ್ದದ್ದು ಬೇರೆ ಕಡೆ: ಬಿಷಪ್ಪನನ್ನು ಮತದಾರರು ಆರಿಸುವುದು, ಪೋಪನಿಗೆ ಬರೀ ಕಾಗದ ಬರೆದು ತಿಳಿಸುವುದು. 'ದೇಶಭ್ರಷ್ಟ'ವೂ ಸಡಿಲ. 1792ರ ಆಗಸ್ಟ್ 26ರ ಆಜ್ಞೆ 15 ದಿನದೊಳಗೆ ದೇಶ ಬಿಡಿ ಎಂದಿತು, ಅದು ಗಡೀಪಾರು. ಮೊದಲೇ ಹೊರಟವರದು ವಲಸೆ. 'ಪ್ರಮಾಣ ನಿರಾಕರಿಸಿದವರು' ಎಂದು ಬಿಡಿಸಿಯೇ ಬರೆಯಿರಿ.
- ಎಸ್. ಕೆ.

ಪ್ರಮಾಣ, ನಿರಾಕರಣೆ, ಎರಡೂ ಸಂಸ್ಕೃತ. 'ಆಣೆಯಿಡದವರು' ಅಂದರೆ ಜಾಗವೂ ಉಳಿಯುತ್ತದೆ. ನಿಷ್ಠೆಗೆ ಹಳಗನ್ನಡದ 'ಜೋಳವಾಳಿ' ಇದೆ, ಉಂಡ ಜೋಳದ ಋಣ. ಕೈಲಿರುವುದನ್ನು ಬಿಟ್ಟು ಕಡ ತರುವುದೇಕೆ?
- ಗೋ.

'ಆಣೆ' ಆಜ್ಞೆಯ ತದ್ಭವ, ಗೋ ಅವರೇ. 'ಪಾದ್ರಿ' ಪೋರ್ಚುಗೀಸರದು, ಅದನ್ನೂ ತೆಗೆಯುತ್ತೀರಾ? ಇನ್ನು ಜೋಳವಾಳಿ: ಲಂಡನ್ನಿನಲ್ಲಿ ಇವರು ಉಂಡದ್ದು ಬ್ರಿಟಿಷ್ ಸರ್ಕಾರದ ಭತ್ಯೆಯಲ್ಲಿ. ಋಣ ಜಾರ್ಜ್ ದೊರೆಗೆ ಸಲ್ಲಬೇಕಾಗುತ್ತದೆ!

ವಿ. ಎಂ. ಅವರೇ, ಇಸವಿ ನೋಡಿಕೊಳ್ಳಿ. 1801ರಲ್ಲಿ ನೆಪೋಲಿಯನ್ ಜೊತೆ ಒಪ್ಪಂದವಾದ ಮೇಲೆ ಏಳನೇ ಪಯಸ್ ಪೋಪನೇ ಹಳೆಯ ಬಿಷಪ್ಪರೆಲ್ಲರ ರಾಜೀನಾಮೆ ಕೇಳಿದ. ಬ್ವಾಜ್‌ಲ್ಯಾಂ ಎಂಬಾತ ಕೊಟ್ಟು ಫ್ರಾನ್ಸಿಗೆ ಮರಳಿದ, ತೂರ್‌ನ ಆರ್ಚ್‌ಬಿಷಪ್ಪನಾದ. ನಾರ್ಬಾನ್‌ನ ಆರ್ಚ್‌ಬಿಷಪ್ ಡಿಲನ್ ಕೊಡಲಿಲ್ಲ, 1806ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಪೋಪನ ಅಧಿಕಾರಕ್ಕೆ ಧಕ್ಕೆ ಎಂದು ಪ್ರಮಾಣ ಬಿಟ್ಟವರಲ್ಲೇ ಕೆಲವರು ಹತ್ತು ವರ್ಷಕ್ಕೆ ಪೋಪನ ಮಾತನ್ನೇ ತಳ್ಳಿದರು; ದೇಶದ ಹೊರಗಿದ್ದ ದೊರೆ ಹದಿನೆಂಟನೇ ಲೂಯಿಯ ಹಕ್ಕು ಬಿಟ್ಟುಕೊಟ್ಟಂತಾಗುತ್ತದೆ ಎಂಬ ವಾದವೂ ಅವರದಿತ್ತು. 'ರಾಜನಿಷ್ಠ' ಅಲ್ಲಿ ಹೊಂದೀತು, ಪ್ರಮಾಣ ನಡೆದ 1791ಕ್ಕೆ ಹೊಂದದು. ಚಿತ್ರ ಯಾರದು?
- ಎಸ್. ಕೆ.

ಡಿಲನ್‌ರದೇ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಮಶಾನದಲ್ಲಿ ರೈಲು ಕಾಮಗಾರಿಗೆ ಅಗೆದಾಗ ಅವರ ಸಮಾಧಿಯಲ್ಲಿ ಸಿಕ್ಕ ಪಿಂಗಾಣಿ ಹಲ್ಲಿನ ಸೆಟ್ಟು.
- ವಿ. ಎಂ.

ಹಾಗಿದ್ದರೆ 'ಪ್ರಮಾಣವನ್ನೂ ರಾಜೀನಾಮೆಯನ್ನೂ ನಿರಾಕರಿಸಿದ ಆರ್ಚ್‌ಬಿಷಪ್ ಡಿಲನ್‌ರ ಹಲ್ಲಿನ ಸೆಟ್ಟು'. ಒಂದೂವರೆ ಸಾಲು.
- ಎಸ್. ಕೆ.

'ಸೆಟ್ಟು' ಯಾಕೆ, 'ಕಟ್ಟಿಸಿದ ಹಲ್ಲು' ಸತ್ತಿದೆಯೇ?
- ಗೋ.