ಅರ್ಧ ಪೀಪಾಯಿಯ ಹಲಗೆಗಳ ನಡುವೆ ಸಂದು ಬಿದ್ದಿದೆ: ಗಿಡ ನೆಡುವ ಮೊದಲು ಏನು ಮಾಡಬೇಕು?

ತಾರಸಿತೋಟ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ವೈನ್ ತುಂಬಿಡಲು ಬಳಸಿದ್ದ 225 ಲೀಟರಿನ ಓಕ್ ಪೀಪಾಯಿಯನ್ನು ನಡುವೆ ಕತ್ತರಿಸಿ ಮಾಡಿದ ಎರಡು ತೊಟ್ಟಿಗಳನ್ನು ಬೆಂಗಳೂರಿನಿಂದ ತರಿಸಿಕೊಂಡಿದ್ದೇನೆ. ಒಂದರಲ್ಲಿ ನಿಂಬೆ, ಇನ್ನೊಂದರಲ್ಲಿ ಕರಿಬೇವು ಬೆಳೆಸುವ ಉದ್ದೇಶವಿದೆ. ಬೇಸಿಗೆಯುದ್ದಕ್ಕೂ ಖಾಲಿ ಇದ್ದುದರಿಂದ ಹಲಗೆಗಳ ನಡುವೆ ಬೆಳಕು ಕಾಣುವಷ್ಟು ಸಂದು ಬಿದ್ದಿದ್ದು, ಮೇಲಿನ ಕಬ್ಬಿಣದ ಬಳೆ ಕೆಳಕ್ಕೆ ಜಾರಿದೆ. ಸಂದುಗಳಿಗೆ ಪುಟ್ಟಿ ತುಂಬಿ ಒಳಗೆಲ್ಲ ಬಣ್ಣ ಬಳಿಯಬೇಕೆಂದು ನಮ್ಮ ಬಡಗಿ ಹೇಳುತ್ತಾರೆ. ಇದು ಸರಿಯೇ? ಇವುಗಳನ್ನು ತಾರಸಿಯ ಮೇಲೆ ಇಡಬಹುದೇ?

ಮರಗೆಲಸ, ಚಿತ್ರದುರ್ಗ

ದಯವಿಟ್ಟು ಪುಟ್ಟಿ ತುಂಬಬೇಡಿ. ಪೀಪಾಯಿಯಲ್ಲಿ ಅಂಟೂ ಇಲ್ಲ, ಮೊಳೆಯ ಆಸರೆಯೂ ಇಲ್ಲ. ನೀರು ಕುಡಿದ ಹಲಗೆಗಳು ಅಗಲಕ್ಕೆ ಉಬ್ಬಿ, ಬಳೆಯೊಳಗೆ ಒಂದನ್ನೊಂದು ಒತ್ತಿಕೊಳ್ಳುವುದರಿಂದಲೇ ಅದು ಗಟ್ಟಿಯಾಗಿ ನಿಲ್ಲುತ್ತದೆ. ಸಂದಿನಲ್ಲಿ ಪುಟ್ಟಿ ಗಟ್ಟಿಯಾದರೆ ಹಲಗೆಗೆ ಉಬ್ಬಲು ಜಾಗವಿಲ್ಲದೆ, ಮಳೆಗಾಲದಲ್ಲಿ ಹಲಗೆಯೇ ಸೀಳಬಹುದು.

ಕತ್ತರಿಸಿದ ತೊಟ್ಟಿಗೆ ಬಾಯಿ ಅಗಲ, ತಳ ಕಿರಿದು. ಆದ್ದರಿಂದ ಮರ ಒಣಗಿದೊಡನೆ ಬಳೆ ಕೆಳಗೆ ಜಾರುವುದು ಸಹಜ. ತೊಟ್ಟಿಯನ್ನು ಬೋರಲು ಹಾಕಿ, ಬಳೆಯ ಅಂಚಿಗೆ ಮರದ ತುಂಡೊಂದನ್ನು ಆನಿಸಿ, ಸುತ್ತಲೂ ಸಮನಾಗಿ ಸುತ್ತಿಗೆಯಿಂದ ಬಡಿಯುತ್ತಾ ಅದನ್ನು ಬಾಯಿಯ ಕಡೆಗೆ ತಳ್ಳಿ. ಬಳಿಕ ನೆರಳಿನಲ್ಲಿ ನೇರವಾಗಿಟ್ಟು, ಹೊರಗೆ ಒದ್ದೆ ಗೋಣಿಚೀಲ ಸುತ್ತಿ, ನೀರು ತುಂಬಿ. ಮೊದಲಿಗೆ ಎಲ್ಲ ಕಡೆಯಿಂದಲೂ ಸೋರುತ್ತದೆ. ಮತ್ತೆ ಮತ್ತೆ ತುಂಬುತ್ತಿದ್ದರೆ ಎರಡು ಮೂರು ದಿನಗಳಲ್ಲಿ ಸೋರುವುದು ಬಹುಮಟ್ಟಿಗೆ ನಿಲ್ಲುತ್ತದೆ. ತಳಕ್ಕೆ ರಂಧ್ರ ಕೊರೆಯುವುದು ಅದಾದ ಮೇಲೆಯೇ. ಅರ್ಧ ಇಂಚಿನ ಐದಾರು ರಂಧ್ರಗಳು ಸಾಕು. ಬಿಗಿಯಾದ ಬಳೆಯನ್ನು ಅಲ್ಲಲ್ಲಿ ಚಿಕ್ಕ ಸ್ಕ್ರೂ ಹಾಕಿ ಹಲಗೆಗೆ ಹಿಡಿಸಿದರೆ ಮುಂದಿನ ಬೇಸಿಗೆಯಲ್ಲಿ ಜಾರುವುದಿಲ್ಲ.

ಹೊರಮೈಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಹಚ್ಚಬಹುದು. ಒಳಮೈಗೆ ಏನೂ ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟಿ ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವಿದೆ. ಬಿಡಿಸಿ ಬಯಲಿನಲ್ಲಿ ಒಣಹಾಕಿ.

ಕೆಮ್ಮಣ್ಣು, ಹಿರಿಯೂರು

ಮಣ್ಣಿನ ಬಗ್ಗೆ ಒಂದು ಮಾತು. ನಮ್ಮ ಭಾಗದ ಎರೆಮಣ್ಣನ್ನು ಹಾಗೆಯೇ ತುಂಬಬೇಡಿ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿಯುವ ಆ ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ, ನಿಂಬೆಯ ಬೇರು ಕೊಳೆಯುತ್ತದೆ. ಕೆಮ್ಮಣ್ಣು, ತೊಳೆದ ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು ಬೆರೆಸಿ. ತಳದಲ್ಲಿ ಜಲ್ಲಿ ಹಾಸುವ ರೂಢಿಯಿದೆ. ಅದರಿಂದ ನೀರು ಬೇಗ ಬಸಿಯುವುದಿಲ್ಲ, ನೀರು ನಿಲ್ಲುವ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ ಅಷ್ಟೇ. ರಂಧ್ರಗಳ ಮೇಲೆ ಸೊಳ್ಳೆ ಪರದೆಯ ತುಂಡು ಹಾಸಿದರೆ ಸಾಕು.

ಗೆದ್ದಲಿನ ವಿಷಯ ಮರೆಯಬೇಡಿ. ತೊಟ್ಟಿ ನೆಲಕ್ಕೆ ತಾಗದಂತೆ ಮೂರು ಇಟ್ಟಿಗೆಗಳ ಮೇಲೆ ಕೂರಿಸಿದರೆ ತಳಕ್ಕೆ ಗಾಳಿಯಾಡುತ್ತದೆ, ಗೆದ್ದಲು ಮಣ್ಣಿನ ಗೂಡು ಕಟ್ಟಿಕೊಂಡು ಏರಿದರೂ ಕಣ್ಣಿಗೆ ಬೀಳುತ್ತದೆ.

ತಾರಸಿತೋಟ, ದಾವಣಗೆರೆ

ಇಬ್ಬರಿಗೂ ಧನ್ಯವಾದಗಳು. ಒಳಗೆ ಪ್ಲಾಸ್ಟಿಕ್ ಹಾಸಿದರೆ ಮರ ಹೆಚ್ಚು ಕಾಲ ಬಾಳುವುದಿಲ್ಲವೇ?

ಮರಗೆಲಸ, ಚಿತ್ರದುರ್ಗ

ಮಲೆನಾಡಿನಲ್ಲಿ ಕೇಳಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತೇನೋ. ನಮ್ಮ ಒಣಹವೆಯಲ್ಲಿ ಪ್ಲಾಸ್ಟಿಕ್ ಹಾಸಿದರೆ ಮಣ್ಣಿನ ತೇವ ಹಲಗೆಗೆ ತಲುಪದೆ, ಏಪ್ರಿಲ್ ಬಿಸಿಲಿಗೆ ಮತ್ತೆ ಸಂದು ಬೀಳುತ್ತದೆ. ಮಳೆಯಲ್ಲಿ ಪ್ಲಾಸ್ಟಿಕ್ ಮತ್ತು ಮರದ ನಡುವೆ ಸಿಕ್ಕಿಕೊಂಡ ನೀರು ಕೊಳೆಸುತ್ತದೆ. ಹಾಸದಿದ್ದರೂ ಒಳಮೈ ಕೆಲವು ವರ್ಷಗಳಲ್ಲಿ ಸವೆಯುವುದು ನಿಜ. ಆದರೂ ನಾನು ಹಾಸುವುದಿಲ್ಲ.

ಕಟ್ಟಡ ಕೆಲಸ, ದಾವಣಗೆರೆ

ತಾರಸಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. 110 ಲೀಟರಿನಷ್ಟು ಒದ್ದೆ ಮಣ್ಣು, ಮರ, ಗಿಡ ಎಲ್ಲ ಸೇರಿ ಒಂದೊಂದು ತೊಟ್ಟಿಯೂ 200 ಕಿಲೋ ಸಮೀಪಿಸಬಹುದು. ನಾರಿನ ಪುಡಿ ಹೆಚ್ಚು ಬೆರೆಸಿದರೆ ಕಡಿಮೆ. ಜನ ಓಡಾಡುವ ತಾರಸಿಗೆ, ಕಟ್ಟಡಗಳ ಮೇಲಿನ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನದಂಡ ಐಎಸ್ 875 ಪ್ರಕಾರ, ಚದರ ಮೀಟರಿಗೆ ಸುಮಾರು 150 ಕಿಲೋ ಭಾರವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆದ್ದರಿಂದ ಸ್ಲ್ಯಾಬಿನ ನಡುವೆ ಬೇಡ. ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ, ಎರಡನ್ನೂ ದೂರ ದೂರ ಇಡಿ. ಮನೆ ಹಳೆಯದಾಗಿದ್ದರೆ ಮೊದಲು ಎಂಜಿನಿಯರರಿಗೆ ತೋರಿಸಿ. ತೊಟ್ಟಿಯನ್ನು ಅದರ ಜಾಗದಲ್ಲಿ ಕೂರಿಸಿದ ಮೇಲೆಯೇ ಮಣ್ಣು ತುಂಬಿ. ತುಂಬಿದ ಮೇಲೆ ಸರಿಸಲು ನಾಲ್ಕು ಜನ ಬೇಕಾಗುತ್ತದೆ.